ಚಾಂದಮಾರಿಯ ಮಣ್ಣಿನಲ್ಲಿ ಸಿಕ್ಕವನು

ಎರಡನೆಯ ಏಟು ತಲೆಗೇ ಬಂತು.

ಮೊಣಕಾಲೂರಿ ಮಣ್ಣು ಕೆದಕುತ್ತಿದ್ದ ಫೌಜದಾರ ಕಾಡಪ್ಪ ಪಕ್ಕಕ್ಕೆ ಉರುಳಿಕೊಂಡ. ಕಬ್ಬು ಕಡಿಯುವ ಕೊಯ್ತಾ ಅವನ ಕಿವಿ ಸವರಿಕೊಂಡು ಹೋಗಿ ನೆಲಕ್ಕೆ ನಾಟಿತು. ಮೊದಲನೆಯ ಏಟು ಆಗಲೇ ಎಡಗೈಯನ್ನು ಮೊಣಕೈಯ ಕೆಳಗೆ ಸೀಳಿಹಾಕಿತ್ತು. ಖಾಕಿ ತೋಳು ರಕ್ತದಲ್ಲಿ ನೆನೆದು ಮೈಗೆ ಅಂಟಿತ್ತು. ಬೆರಳುಗಳು ಮಾತು ಕೇಳುತ್ತಿರಲಿಲ್ಲ.

ಎದುರಿಗಿದ್ದವನು ಮುಖಕ್ಕೆ ರುಮಾಲು ಬಿಗಿದುಕೊಂಡಿದ್ದ. ಬೈಗುಳವಿಲ್ಲ, ಕೂಗಾಟವಿಲ್ಲ. ಕೂಲಿಗೆ ಬಂದವನು ಕೆಲಸ ಮುಗಿಸುವ ಹಾಗೆ ಕೊಯ್ತಾವನ್ನು ಮಣ್ಣಿನಿಂದ ಕಿತ್ತು ಮತ್ತೆ ಎತ್ತಿದ.

ಕಾಡಪ್ಪನ ಪಿಸ್ತೂಲು ಸೊಂಟದ ಚರ್ಮದ ಚೀಲದಲ್ಲಿತ್ತು. ಅದರ ಗುಂಡಿ ಬಿಚ್ಚುವಷ್ಟು ಪುರುಸೊತ್ತು ಸಿಗುವ ಹಾಗಿರಲಿಲ್ಲ. ಬಲಗೈಗೆ ಸಿಕ್ಕಷ್ಟು ಮಣ್ಣು ಬಾಚಿ ಅವನ ಕಣ್ಣಿಗೆ ಎರಚಿದ. ಬರೀ ಮಣ್ಣಲ್ಲ ಅದು. ಸಿಪಾಯಿಗಳು ಎಷ್ಟೋ ವರ್ಷ ಗುರಿಯಿಟ್ಟು ಹೊಡೆದ ಗುಂಡುಗಳು ಅದರಲ್ಲಿ ಬೆರೆತಿದ್ದವು. ಬಂದವನು ಮುಖ ತಿರುಗಿಸಿದ. ಅಷ್ಟರಲ್ಲೇ ಕಾಡಪ್ಪ ಅವನ ಮೊಣಕಾಲಿನ ಚಿಪ್ಪಿಗೆ ಬೂಟಿನ ಹಿಮ್ಮಡಿಯಿಂದ ಒದ್ದ.

ಇಬ್ಬರೂ ಮೈಮೇಲೆ ಮೈ ಬಿದ್ದರು. ಕೊಯ್ತಾ ಎಲ್ಲೋ ಹಾರಿತು. ಆದರೆ ಬರಿಗೈ ಆದಮೇಲೆ ಆ ಆಸಾಮಿ ಇನ್ನೂ ಭಾರವಾದ. ಅವನ ಬೆರಳುಗಳು ಕಾಡಪ್ಪನ ಗಂಟಲು ಹುಡುಕಿಕೊಂಡು ಬಂದು ಅಲ್ಲೇ ಕೂತವು. ಕಣ್ಣು ಕತ್ತಲೆಗಟ್ಟುತ್ತಿರುವಾಗ ಕಾಡಪ್ಪ ರುಮಾಲಿನ ಅಂಚಿಗೆ ಕೈ ಹಾಕಿ ಎಳೆದ. ಕಂಡದ್ದು ಒಂದು ಕಿವಿ. ಅಖಾಡದ ಮಣ್ಣಿನಲ್ಲಿ ತಿಕ್ಕಿ ತಿಕ್ಕಿ ಮುದ್ದೆಯಾದ ಪೈಲ್ವಾನನ ಕಿವಿ.

ಕೃಷ್ಣಾತ. ಊರಿನ ಸಾಹುಕಾರ ಬಾಪೂಸಾಹೇಬರ ಜೀಪು ಓಡಿಸುವವನು. ಒಂದು ಕಾಲಕ್ಕೆ ಕೊಲ್ಹಾಪುರದ ತಾಲೀಮಿನಲ್ಲಿ ಹೆಸರು ಮಾಡಿದವನು.

ಹೆಸರು ಹೊಳೆದ ಹೊತ್ತಿಗೇ ಕಾಡಪ್ಪನ ಬಲಗೈಗೆ ಅಲ್ಲೇ ಬಿದ್ದಿದ್ದ ಹಾರೆ ತಾಗಿತು. ಅದನ್ನೆತ್ತಿ ಬೀಸಲು ಆಗಲಿಲ್ಲ. ತುದಿ ಹಿಡಿದು ಕೃಷ್ಣಾತನ ದವಡೆಗೆ ತಿವಿದ. ಹಲ್ಲು ಮುರಿದ ಸದ್ದು ಕೇಳಿತು. ಗಂಟಲ ಮೇಲಿನ ಬೆರಳುಗಳು ಸಡಿಲವಾದವು.

ಜೀಪಿನ ಹತ್ತಿರ ಹೋಗಿದ್ದ ಪೇದೆ ಹಾಲಸಿದ್ದ ಲಾಠಿ ಎತ್ತಿಕೊಂಡು ಓಡಿ ಬರುತ್ತಿದ್ದ. ಕೃಷ್ಣಾತ ಅವನನ್ನು ನೋಡಿದ. ಬಾಯಿಂದ ರಕ್ತ ಉಗುಳಿದ. ಕುಂಟುತ್ತ, ಸಿಪಾಯಿಗಳು ಗುರಿ ಹೊಡೆಯುತ್ತಿದ್ದ ಚಾಂದಮಾರಿಯ ದಿಬ್ಬ ಏರಿ, ಆಚೆ ನದಿಯ ಕಡೆ ಜಿಗಿದ.

ಆಚೆ ನೀರಿರಲಿಲ್ಲ. ಹೊಸ ಘಾಟಿನ ಅಡಿಪಾಯಕ್ಕೆಂದು ನಿಲ್ಲಿಸಿದ ಕಬ್ಬಿಣದ ಸಳಿಗಳಿದ್ದವು.

ಕಾಡಪ್ಪ ದಿಬ್ಬದ ಮೇಲೆ ನಿಂತು ನೋಡಿದಾಗ ಒಂದು ಸಳಿ ಕೃಷ್ಣಾತನ ತೊಡೆಯನ್ನು ಹೊಕ್ಕು ಈಚೆ ಬಂದಿತ್ತು. ಅವನು ಕೂಗುತ್ತಿರಲಿಲ್ಲ. ಎರಡೂ ಕೈಯಿಂದ ಸಳಿಯನ್ನು ಹಿಡಿದುಕೊಂಡು ಮೇಲೆ ನೋಡುತ್ತಿದ್ದ. ಬಾಪೂಸಾಹೇಬರೇ ಕಳಿಸಿದರೇನು ಎಂದು ಕಾಡಪ್ಪ ಕೇಳಿದ. ಕೃಷ್ಣಾತ ಮುರಿದ ಹಲ್ಲಿನ ಸಂದಿನಿಂದ ನಕ್ಕ. ಏನೋ ಬೇರೆಯೇ ಗೊತ್ತಿದ್ದವನ ನಗು ಅದು. ಆಮೇಲೆ ಕಣ್ಣು ಮೇಲಾಗಿ ಎಚ್ಚರ ತಪ್ಪಿತು.

ಗೌಂಡಿಗಳು ಬಂದು ಗರಗಸದಿಂದ ಸಳಿಯನ್ನು ಕೊಯ್ದರು. ಅದನ್ನು ತೊಡೆಯೊಳಗೇ ಬಿಟ್ಟು, ಕೃಷ್ಣಾತನನ್ನು ಲಾರಿಯಲ್ಲಿ ಮಲಗಿಸಿ ಕೊಲ್ಹಾಪುರದ ಆಸ್ಪತ್ರೆಗೆ ಸಾಗಿಸಿದರು. ಅವನ ಕಾಲಿಗೆ ಬೇಡಿ ಹಾಕಿ ಕಾಯಬೇಕೆಂದು ಠಾಣೆಯಿಂದ ಕರೆಸಿ ಜೊತೆಗೆ ಕಳಿಸಿದ ಇನ್ನೊಬ್ಬ ಪೇದೆಗೆ ಕಾಡಪ್ಪ ಹೇಳಿ ಕಳಿಸಿದ. ತಾನು ಮಾತ್ರ ಆ ಜಾಗ ಬಿಟ್ಟು ಕದಲಲಿಲ್ಲ.

ಮೊನ್ನೆ ಗೋಡೆ ಕೆಡಹುವವರ ಮುಕಾದಮ ತಮ್ಮಣ್ಣನ ಹೆಣ ಕುದುರೆಗಳಿಗೆ ನೀರು ಕುಡಿಸುವ ಹಳೆಯ ಹೌದಿನಲ್ಲಿ ಕತ್ತು ಕಡಿದ ಸ್ಥಿತಿಯಲ್ಲಿ ಸಿಕ್ಕಿತ್ತು. ಸಾಯುವ ಮುಂಚೆ ತಮ್ಮಣ್ಣ ಕೆಲಸ ಮಾಡುತ್ತಿದ್ದದ್ದು ಈ ದಿಬ್ಬದ ಬುಡದಲ್ಲೇ. ಅವನ ಹಾರೆ ಇಲ್ಲೇ ಬಿದ್ದಿತ್ತು. ಆ ಹಾರೆ ಬಿದ್ದ ಕಡೆ ಕಾಡಪ್ಪ ಕೈ ಹಾಕುತ್ತಲೇ ಒಬ್ಬನು ಹಾಡಹಗಲೇ ಫೌಜದಾರನನ್ನು ಕಡಿಯಲು ಬಂದಿದ್ದ. ಅಂದಮೇಲೆ ಈ ಮಣ್ಣಿನಲ್ಲಿ ಏನೋ ಇದೆ.

"ಸಾಹೇಬ್ರ, ಮೊದ್ಲ ಕೈಗೆ ಹೊಲಿಗಿ ಹಾಕಿಸ್ರಿ," ಎಂದ ಹಾಲಸಿದ್ದ.

"ಆಮ್ಯಾಲೆ. ಮೊದ್ಲ ಅಗಿ."

ಹಾಲಸಿದ್ದ ತನ್ನ ರುಮಾಲು ಹರಿದು ಕೈಗೆ ಬಿಗಿಯಾಗಿ ಕಟ್ಟಿದ. ಆಮೇಲೆ ಸನಿಕೆ ತೆಗೆದುಕೊಂಡ.

ಪಂಚಗಂಗೆಯ ದಂಡೆಯ ಆ ಬಯಲಿಗೆ ಇಚಲಕರಂಜಿಯವರೆಲ್ಲ ಛಾವಣಿ ಅಂತಲೇ ಅನ್ನುತ್ತಿದ್ದರು. ಮಹಾರಾಜರ ಕಾಲದಲ್ಲಿ ಕುದುರೆ ದಂಡು ಇದ್ದ ಜಾಗ. ಸ್ವಾತಂತ್ರ್ಯ ಬಂದಮೇಲೆ ಮಿಲಿಟರಿಯವರು ಇಟ್ಟುಕೊಂಡರು, ಬಾಂಗ್ಲಾ ಯುದ್ಧ ಮುಗಿದಮೇಲೆ ಬಿಟ್ಟುಹೋದರು. ಉದ್ದುದ್ದ ಬರಾಕುಗಳು ಹೆಂಚು ಉದುರಿಸಿಕೊಂಡು ನಿಂತವು. ಗಡಿಹಳ್ಳಿಗಳಿಂದ ಕುರಿ ಹೊಡೆದುಕೊಂಡು ಬಂದವರು ಅಲ್ಲಿ ಹಟ್ಟಿ ಹಾಕಿದರು. ಈಗ ಬಾಪೂಸಾಹೇಬರು ಅದನ್ನು ಊರು ಮಾಡಲು ಹೊರಟಿದ್ದರು. ಕೆಳಗೆ ಅಂಗಡಿ ಮೇಲೆ ಮನೆ, ನದಿಗೆ ಇಳಿಯಲು ಕಲ್ಲಿನ ಘಾಟು, ಅದರುದ್ದಕ್ಕೂ ಹೂದೋಟದ ಬಾಗು, ಮಗ್ಗದ ಮಾಲೀಕರಿಗೆ ಬಂಗಲೆ, ಒಂದು ಥೇಟರು. ಹೆಬ್ಬಾಗಿಲಿನಲ್ಲಿ ಆಗಲೇ ಬಣ್ಣದ ಫಲಕ ಎದ್ದಿತ್ತು: ಆಬಾಸಾಹೇಬ ನಗರ.

ಆಬಾಸಾಹೇಬರು ಬಾಪೂಸಾಹೇಬರ ಅಣ್ಣ. ಎಮರ್ಜೆನ್ಸಿ ಮುಗಿದ ವರ್ಷದ ಮಳೆಗಾಲದಲ್ಲಿ ಮನೆ ಬಿಟ್ಟು ಮುನಿಸಂಘದ ಹಿಂದೆ ಬರಿಗಾಲಲ್ಲಿ ಹೊರಟುಹೋದರು ಎಂದು ಊರಿಗೆಲ್ಲ ಗೊತ್ತು. ಕೆಲವು ವರ್ಷಗಳ ಮೇಲೆ, ಅವರು ಉತ್ತರದಲ್ಲೆಲ್ಲೋ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟರು ಎಂಬ ಸುದ್ದಿಯನ್ನು ಬಾಪೂಸಾಹೇಬರೇ ತಂದರು. ಆ ದಿನ ಪೇಟೆಗೆ ಪೇಟೆಯೇ ಬಾಗಿಲು ಹಾಕಿತ್ತು.

ಹಾಲಸಿದ್ದನ ಸನಿಕೆ ಗಟ್ಟಿಯಾದ ಯಾವುದಕ್ಕೋ ತಾಗಿ ನಿಂತಿತು.

ಮೊದಲು ಕಂಡದ್ದು ಪಕ್ಕೆಲುಬು. ಆಮೇಲೆ ಕೊಳೆತ ಕೋಟಿನ ಚೂರು, ಹಿತ್ತಾಳೆ ಗುಂಡಿ. ಆಮೇಲೆ ತಲೆಬುರುಡೆ. ಅದರ ಹಿಂಬದಿಯಲ್ಲಿ ಹೆಬ್ಬೆರಳು ತೂರುವಂಥ ತೂತು. ಬುರುಡೆಯನ್ನು ಎತ್ತಿದಾಗ ಒಳಗೆ ಏನೋ ಗಳಕ್ಕೆಂದಿತು. ಕಾಡಪ್ಪ ಅದನ್ನು ಅಂಗೈ ಮೇಲೆ ಅಲುಗಾಡಿಸಿ ತೆಗೆದ. ಚಪ್ಪಟೆಯಾದ ಸೀಸದ ಗುಂಡು.

ಅವನು ಸುತ್ತಲಿನ ಮಣ್ಣಿನಿಂದ ಒಂದು ಮಿಲಿಟರಿ ಗುಂಡು ಹೆಕ್ಕಿ ಪಕ್ಕದಲ್ಲಿಟ್ಟು ನೋಡಿದ. ಮಿಲಿಟರಿಯದು ಉದ್ದ, ಮೇಲೆ ತಾಮ್ರದ ಕವಚ. ಇದು ಬರೀ ಸೀಸ, ದುಂಡು. ಕಬ್ಬಿಗೆ ಬೀಳುವ ಹಂದಿ ಹೊಡೆಯಲು ಇಟ್ಟುಕೊಳ್ಳುವ ಬಂದೂಕಿನದು. ಸಾವಿರಾರು ಗುಂಡುಗಳಿರುವ ದಿಬ್ಬದಲ್ಲಿ ಇನ್ನೊಂದು ಗುಂಡನ್ನು ಯಾರು ಹುಡುಕುತ್ತಾರೆ ಎಂದು ಹೂತವನು ಎಣಿಸಿದ್ದಿರಬೇಕು.

"ಸಾಹೇಬ್ರ, ಕಾಲು ನೋಡ್ರಿ," ಎಂದ ಹಾಲಸಿದ್ದ. ಅವನ ದನಿ ಇಳಿದಿತ್ತು.

ಬಲಗಾಲಿನ ಮುಂದಿನ ಎಲುಬಿಗೆ ಉಕ್ಕಿನ ಪಟ್ಟಿಯೊಂದನ್ನು ತಿರುಪು ಹಾಕಿ ಕೂಡಿಸಿದ್ದರು. ಮಣ್ಣು ತಿಂದರೂ ಪಟ್ಟಿ ಹೊಳೆಯುತ್ತಿತ್ತು.

ಕಾಡಪ್ಪ ಗಡಹಿಂಗ್ಲಜದ ಕಡೆಯವನು, ಮಹಾಗಾಂವದ ಕುರಿಗಾರರ ಮನೆಯ ಮಗ. ಇಚಲಕರಂಜಿಗೆ ಬದಲಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಅದಕ್ಕೇ ಹಾಲಸಿದ್ದ ಬಿಡಿಸಿ ಹೇಳಬೇಕಾಯಿತು. ಆಬಾಸಾಹೇಬರು ಒಮ್ಮೆ ಗಡಹಿಂಗ್ಲಜದ ದಾರಿಯಲ್ಲಿ ಮೋಟಾರ್‌ಸೈಕಲ್ಲಿನಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದರು. ಮಿರಜದಲ್ಲಿ ಕಾಲಿಗೆ ಉಕ್ಕು ಹಾಕಿದ್ದರು. ಅಂದಿನಿಂದ ಕುಂಟುತ್ತಿದ್ದರು. ಬೆನ್ನ ಹಿಂದೆ ಜನ ಕುಂಟ ಸಾಹುಕಾರ ಅನ್ನುತ್ತಿದ್ದರು.

ಕಾಡಪ್ಪ ದೂರದ ಫಲಕದ ಕಡೆ ನೋಡಿದ. ಊರು ಮುನಿಯೆಂದು ಕೈಮುಗಿದ ಮನುಷ್ಯ ಇಲ್ಲೇ ಹಿಂದಿನಿಂದ ಗುಂಡು ತಿಂದು ಮಣ್ಣಾಗಿದ್ದ. ಅವನ ಹೆಸರಿನ ಊರು ಅವನ ಎದೆಯ ಮೇಲೇ ಏಳುತ್ತಿತ್ತು.

ಬರಾಕಿನಲ್ಲಿ ಇನ್ನೂ ಉಳಿದಿದ್ದ ಕುರಿಗಾರರ ಮನೆ ಒಂದೇ. ಧೋಂಡಿಬಾ ಮತ್ತು ಅವನ ಹೆಂಡತಿ ನಾಗೂಬಾಯಿ. ಜಾಗ ಬಿಡಲಿಲ್ಲವೆಂದು ಹೋದ ತಿಂಗಳು ಯಾರೋ ಬಂದು ಧೋಂಡಿಬಾನ ಎರಡೂ ಕಾಲಿಗೆ ಬಡಿಗೆಯಿಂದ ಹೊಡೆದಿದ್ದರು. ಹಟ್ಟಿಯ ಕುರಿಗಳನ್ನು ಕಡಿದು ಬಾವಿಗೆ ಹಾಕಿದ್ದರು. ಕಾಡಪ್ಪ ಅಲ್ಲಿಗೆ ಹೋದಾಗ ಧೋಂಡಿಬಾ ಗೋಡೆಗೊರಗಿ ಕೂತಿದ್ದ, ಎದ್ದು ನಿಲ್ಲುವ ಹಾಗಿರಲಿಲ್ಲ. ನಾಗೂಬಾಯಿ ಕಾಡಪ್ಪನ ಕೈ ನೋಡಿ ಅರಿಸಿನ ಮೆತ್ತಿದಳು. ಅವನ ಮಾತಿನ ಧಾಟಿ ತಮ್ಮದೇ ಎಂದು ತಿಳಿದಮೇಲೆ, ಇಷ್ಟು ದಿನ ಯಾವ ಪೊಲೀಸರಿಗೂ ಹೇಳದ್ದನ್ನು ಹೇಳತೊಡಗಿದಳು.

ಆ ಮಳೆಗಾಲದ ಒಂದು ಸಂಜೆ ಅವಳು ಕುರಿ ಒಳಗೆ ಹಾಕುತ್ತಿದ್ದಳು. ಮಳೆ ಜೋರಾಗಿತ್ತು. ಕುಂಟುತ್ತ ಒಬ್ಬರು ಚಾಂದಮಾರಿಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಬಂದೂಕಿನ ಸದ್ದು ಕೇಳಿತು. ಹಂದಿ ಹೊಡೆದರೇನೋ ಅಂದುಕೊಂಡಳು. ಬೆಳಗಾದಮೇಲೆ ಹೋಗಿ ನೋಡಿದರೆ ಕೃಷ್ಣಾತ ದಿಬ್ಬಕ್ಕೆ ಹೊಸ ಮಣ್ಣು ಎಳೆಯುತ್ತಿದ್ದ. ಈ ಕಡೆ ಬಂದರೆ ನಿನ್ನನ್ನೂ ಹೂಳುತ್ತೇನೆ ಅಂದನಂತೆ.

"ಹೋದವರು ಆಬಾಸಾಹೇಬ್ರ ಅಂತ ಹೆಂಗ ಗೊತ್ತಾತು, ಯವ್ವಾ?" ಎಂದು ಕಾಡಪ್ಪ ಕೇಳಿದ.

"ಅವರ ಕರೀ ಕೋಟು ನೋಡಿನ್ರಿ. ಕುಂಟೂದು ನೋಡಿನಿ. ಮಾರಿ ನೋಡಿಲ್ರಿ."

ಕಾಡಪ್ಪನಿಗೆ ಅಷ್ಟು ಸಾಕೆನಿಸಿತು.

ದವಾಖಾನೆಯಲ್ಲಿ ಡಾಕ್ಟರರು ಕೈಗೆ ಹೊಲಿಗೆ ಹಾಕಿದರು. ರಕ್ತ ಬಹಳ ಹೋಗಿದೆ, ಮಲಗಬೇಕು ಎಂದರು. ಕಾಡಪ್ಪ ಆಗಲಿ ಎಂದ. ಉಕ್ಕಿನ ಪಟ್ಟಿಯನ್ನೂ ಸೀಸದ ಗುಂಡನ್ನೂ ಕರವಸ್ತ್ರದಲ್ಲಿ ಸುತ್ತಿಕೊಂಡು ನೆಟ್ಟಗೆ ಬಾಪೂಸಾಹೇಬರ ಬಂಗಲೆಗೆ ಜೀಪು ತಿರುಗಿಸಿದ.

ಹೊತ್ತು ಇನ್ನೂ ಇಳಿದಿರಲಿಲ್ಲ. ಓಣಿಯ ಎರಡೂ ಬದಿಗೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಜೈನರ ಮನೆ, ಸೂರ್ಯ ಮುಳುಗುವ ಮುಂಚೆ ಊಟ. ಬಾಪೂಸಾಹೇಬರು ಊಟ ಮುಗಿಸಿ ಪಡಸಾಲೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಹಣೆಗೆ ಗಂಧ. ಎದುರಿನ ಮೇಜಿನ ಮೇಲೆ ಅವರ ನಗರದ ಮಾದರಿ ಇತ್ತು. ಪ್ಲೈವುಡ್ಡಿನ ಮೇಲೆ ನೀಲಿ ಬಣ್ಣ ಬಳಿದ ನದಿ, ಬೆಂಕಿಪೆಟ್ಟಿಗೆಯಷ್ಟು ಮನೆಗಳು, ಹಸಿರು ಹೊಟ್ಟಿನ ಬಾಗು. ಮಗ ಪಾರೀಸ ಅದರ ಪಕ್ಕದಲ್ಲಿ ನಿಂತಿದ್ದ. ಕಾಲೇಜು ಮುಗಿಸಿ ಅಪ್ಪನ ಬಲಗೈಯಾಗಿದ್ದ ಹುರಿಯಾಳು.

ಕೃಷ್ಣಾತನ ಸುದ್ದಿ ಕಾಡಪ್ಪನಿಗಿಂತ ಮುಂಚೆಯೇ ಬಂದು ಮುಟ್ಟಿತ್ತು.

"ನಾ ಅವನ್ನ ಕಳಿಸಿಲ್ಲ, ಫೌಜದಾರ ಸಾಹೇಬ," ಎಂದರು ಬಾಪೂಸಾಹೇಬರು. "ಮುಂಜಾನಿಂದ ಅಂವ ನನ್ನ ಕಣ್ಣಿಗೂ ಬಿದ್ದಿಲ್ಲ."

"ತಮ್ಮಣ್ಣನ್ನ ಕಡಿಸಿದವರೂ ನೀವಲ್ಲೇನ್ರಿ?"

"ತಮ್ಮಣ್ಣ ನನ್ನ ಮನಿ ಅನ್ನ ಉಂಡಾಂವ. ಅವನ್ಯಾಕ ಕಡಿಸ್ಲಿ?"

ಕಾಡಪ್ಪ ಮಾದರಿಯ ಮೇಲೆ ಬಾಗಿ ಚಾಂದಮಾರಿ ಎಲ್ಲಿದೆ ಎಂದು ಹುಡುಕಿದ. ಅಲ್ಲಿ ಥೇಟರು ಇತ್ತು. ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ. ಕರವಸ್ತ್ರ ಬಿಚ್ಚಿ ಉಕ್ಕಿನ ಪಟ್ಟಿಯನ್ನು ಆ ಜಾಗದಲ್ಲಿಟ್ಟ.

ಬಾಪೂಸಾಹೇಬರು ಪಟ್ಟಿಯನ್ನು ನೋಡಿದರು. ಕೈ ಒರೆಸಿಕೊಳ್ಳುತ್ತಿದ್ದ ವಸ್ತ್ರ ಕೆಳಗೆ ಬಿತ್ತು.

"ಎಲ್ಲಿ ಸಿಕ್ತು ಅಂತ ಕೇಳೂದಿಲ್ಲೇನ್ರಿ?"

ಬಾಪೂಸಾಹೇಬರು ವಸ್ತ್ರ ಎತ್ತಿಕೊಳ್ಳಲು ಬಾಗಿದರು.

"ಕೇಳೂದಿಲ್ಲ. ಯಾಕಂದ್ರ ನಿಮಗ ಗೊತ್ತೈತಿ." ಕಾಡಪ್ಪ ಸೀಸದ ಗುಂಡನ್ನು ಪಟ್ಟಿಯ ಪಕ್ಕಕ್ಕಿಟ್ಟ. "ಇದು ತಲಿಬುರಡಿ ಒಳಗ ಇತ್ತು. ಮಿಲಿಟರೀದಲ್ಲ. ಕಬ್ಬಿನ ಹೊಲದಾಗ ಹಂದಿ ಹೊಡಿಯೂ ಬಂದೂಕಿಂದು. ನಿಮ್ಮದು ಆ ಗ್ವಾಡಿಮ್ಯಾಲೆ ತೂಗಾಕತ್ತೈತಲ್ರಿ, ಅಂಥಾದ್ದರದು."

ಪಾರೀಸನ ಮುಖ ಕೆಂಪಾಯಿತು. ತನ್ನ ದೊಡ್ಡಪ್ಪ ಮುನಿಯಾಗಿ ಹೋದವರು, ಎಲುಬು ತಂದು ಮನೆಯ ಹೆಸರು ಕೆಡಿಸಬೇಡಿ ಎಂದು ಏರುದನಿಯಲ್ಲಿ ಹೇಳಿದ. ಕಾಡಪ್ಪ ಅವನ ಕಡೆ ತಿರುಗಲಿಲ್ಲ. ಬಾಪೂಸಾಹೇಬರನ್ನೇ ನೋಡುತ್ತ, ಅಣ್ಣನನ್ನು ಹಿಂದಿನಿಂದ ಹೊಡೆದವನು ಅವನ ಹೆಸರಿನಲ್ಲಿ ಊರು ಕಟ್ಟಿದರೆ ಪಾಪ ಹೋಗುತ್ತದೇನು ಎಂದು ಕೇಳಿದ.

ಪಾರೀಸ ಗೋಡೆಗೆ ಹಾರಿ ಬಂದೂಕು ಎಳೆದುಕೊಂಡದ್ದು ಹಾಲಸಿದ್ದನಿಗೆ ಕಂಡಿತು. ಕೂಗುವಷ್ಟರಲ್ಲಿ ಬಂದೂಕಿನ ಹಿಡಿ ಕಾಡಪ್ಪನ ಹೊಲಿಗೆ ಹಾಕಿದ ಕೈಗೆ ಬಿತ್ತು.

ಕಾಡಪ್ಪ ಮಾದರಿಯ ಮೇಲೆ ಬಿದ್ದ. ಮನೆಗಳು ಪುಡಿಯಾದವು. ಹೊಲಿಗೆ ಬಿಚ್ಚಿ ರಕ್ತ ನೀಲಿ ನದಿಯ ಮೇಲೆ ಹರಿಯಿತು. ಎರಡನೆಯ ಏಟು ಪಕ್ಕೆಗೆ, ಮೂರನೆಯದು ಭುಜಕ್ಕೆ. ಹಾಲಸಿದ್ದ ನುಗ್ಗಿ ಬಂದು ಲಾಠಿಯಿಂದ ಪಾರೀಸನ ಬೆನ್ನಿಗೆ ಹೊಡೆದ. ಪಾರೀಸ ತಿರುಗಿ ಬಂದೂಕಿನ ನಳಿಗೆಯಿಂದಲೇ ಹಾಲಸಿದ್ದನ ಹಣೆಗೆ ಅಪ್ಪಳಿಸಿದ. ಹಾಲಸಿದ್ದ ಗೋಡೆ ಹಿಡಿದು ಕುಸಿದ. ಪಾರೀಸ ಬಂದೂಕಿನ ಕುದುರೆ ಎತ್ತಿ ನಳಿಗೆಯನ್ನು ಕಾಡಪ್ಪನ ಎದೆಗೆ ಇಟ್ಟ. ಬಂದೂಕಿನಲ್ಲಿ ಬಾರು ಇತ್ತು. ಅದು ಯಾವಾಗಲೂ ಇರುತ್ತಿತ್ತು.

ಕಾಡಪ್ಪ ಅವನ ಬೆರಳನ್ನು ನೋಡಿದ. ಬಂದೂಕಿಗೆ ಪಳಗದ ಬೆರಳು. ಪಳಗದ ಬೆರಳೇ ಹೆಚ್ಚು ಅಪಾಯ ಎಂದು ಅವನಿಗೆ ಗೊತ್ತಿತ್ತು. ಅಲುಗಾಡದೆ ಬಿದ್ದುಕೊಂಡ.

ಬಾಪೂಸಾಹೇಬರು ನಡೆದು ಬಂದರು. ನಳಿಗೆಯನ್ನು ಎರಡೂ ಕೈಯಿಂದ ಹಿಡಿದು ತಮ್ಮ ಹೊಟ್ಟೆಗೆ ಒತ್ತಿಕೊಂಡರು.

"ಬ್ಯಾಡ, ಪಾರೀಸ. ಒಂದು ಮನ್ಯಾಗ ಕೊಂದಾಂವ ಒಬ್ಬ ಸಾಕು."

ಪಾರೀಸ ನಳಿಗೆಯನ್ನು ಹಿಂದಕ್ಕೆ ಎಳೆಯಲು ನೋಡಿದ.

"ಅಪ್ಪಾ?" ಎಂದ ಪಾರೀಸ.

"ಹೌದು. ನಾನ."

ಪಾರೀಸನ ಕೈಯಿಂದ ಬಂದೂಕು ಜಾರಿತು. ಬಾಪೂಸಾಹೇಬರು ಅದನ್ನು ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತರು. ಆ ಮನೆಯಲ್ಲಿ ಅವರು ನೆಲದ ಮೇಲೆ ಕೂತದ್ದನ್ನು ಆಳುಗಳೂ ನೋಡಿರಲಿಲ್ಲ. ಪಾರೀಸ ಬಾಗಿಲ ಚೌಕಟ್ಟು ಹಿಡಿದು ನಿಂತ, ಅಪ್ಪನ ಮುಖ ನೋಡಲಾರದೆ.

ಹೇಳುವಾಗ ಬಾಪೂಸಾಹೇಬರು ಯಾರ ಕಡೆಯೂ ನೋಡಲಿಲ್ಲ. ಮಿಲಿಟರಿ ಹೋದಮೇಲೆ ಛಾವಣಿಯ ಜಾಗವನ್ನು ಕೊಳ್ಳುವ ಸಂದರ್ಭ ಬಂದಾಗ ಅಣ್ಣ ಒಪ್ಪಲಿಲ್ಲ. ಮಹಾರಾಜರ ದಂಡು ಬರುವ ಮೊದಲು ಅದು ಕುರಿಗಾರರ ಗಾಯರಾಣ, ಕುರಿ ಮೇಯುವ ಹುಲ್ಲುಗಾವಲು, ಅವರಿಗೇ ಬಿಟ್ಟುಕೊಡಿಸುತ್ತೇನೆ ಎಂದು ಪಂಚರ ಮುಂದೆ ಮಾತು ಕೊಟ್ಟುಬಂದರು. ತಮ್ಮನಿಗೆ ನದಿಯ ದಂಡೆಯಲ್ಲಿ ಊರೊಂದು ಕಾಣುತ್ತಿತ್ತು. ಕಣ್ಣು ಮುಚ್ಚಿದರೆ ಘಾಟು, ಕಣ್ಣು ತೆರೆದರೆ ಘಾಟು. ಊಟದ ಹೊತ್ತಿಗೆ ಜಗಳ, ಬಸದಿಯಲ್ಲೂ ಜಗಳ. ಒಂದು ದಿನ ಕೃಷ್ಣಾತ ಬಂದು, ಅಣ್ಣ ಸಂಜೆ ಒಬ್ಬರೇ ಚಾಂದಮಾರಿಗೆ ಹೋಗುತ್ತಾರೆ ಎಂದು ಹೇಳಿದ.

"ಮಳಿ ಭಾಳ ಇತ್ತು," ಎಂದರು. "ಅಣ್ಣನ ಕೋಟು ಕಾಣತು. ಕುಂಟಿಕೋತ ಹೊಂಟಿದ್ದ. ಕರದಿದ್ರ ತಿರಗತಿದ್ದ. ತಿರಗಿದ್ರ ನನಗ ಹೊಡಿಯಾಕ ಆಗತಿದ್ದಿಲ್ಲ. ಅದಕ್ಕ ಕರೀಲಿಲ್ಲ."

"ಆಮ್ಯಾಲೆ?"

"ಬಿದ್ದ. ನಾ ಹತ್ರ ಹೋಗಲಿಲ್ಲ. ಓಡಿ ಬಂದೆ. ಮಣ್ಣು ಮಾಡಿದಾಂವ ಕೃಷ್ಣಾತ. ಮುನಿ ಆಗ್ಯಾನಂತ ಹೇಳೂದೂ ಅವನದ ಐಡಿಯಾ."

ಹಾಲಸಿದ್ದ ಹಣೆಯ ರಕ್ತ ಒರೆಸಿಕೊಳ್ಳುತ್ತ ಬೇಡಿ ಹೊರತೆಗೆದ. ಕಾಡಪ್ಪ ಮೇಜಿನ ಅಂಚು ಹಿಡಿದು ಎದ್ದು ನಿಂತ. ತಲೆ ತಿರುಗುತ್ತಿತ್ತು. ಕೈಯ ನೋವು ಹಲ್ಲಿನವರೆಗೆ ಏರಿತ್ತು. ಆದರೂ ಒಳಗೆಲ್ಲೋ ಒಂದು ಬಗೆಯ ಹಗುರ. ಕೊಲೆಗಾರ ತನ್ನ ಬಾಯಿಂದಲೇ ಹೇಳಿದ್ದ. ಇನ್ನು ತಮ್ಮಣ್ಣನ ಲೆಕ್ಕ ಒಂದು ಉಳಿಯಿತು, ಅದನ್ನೂ ಕೃಷ್ಣಾತನಿಂದ ಕಕ್ಕಿಸಿದರಾಯಿತು.

ಆಗ ಒಳಕೋಣೆಯ ಪರದೆ ಸರಿಯಿತು.

ಕಾಂಚನ ಬಂದು ನಿಂತಳು. ಆಬಾಸಾಹೇಬರ ಹೆಂಡತಿ. ಗಂಡ ಹೋದಂದಿನಿಂದ ಬಿಳಿ ಸೀರೆಯಲ್ಲೇ ಇದ್ದವಳು. ಹಬ್ಬದ ದಿನ ಊರ ಹೆಂಗಸರು ಮುನಿಯ ಮನೆಯವಳೆಂದು ಬಂದು ಅವಳ ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು. ಅವಳು ಅದನ್ನು ಬೇಡವೆಂದೂ ಅಂದವಳಲ್ಲ, ಮಾಡಿರೆಂದೂ ಅಂದವಳಲ್ಲ. ಬಾಪೂಸಾಹೇಬರು ಅವಳನ್ನು ನೋಡಿದ್ದೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ವೈನಿ, ನನ್ನ ಕಡೆ ನೋಡಬ್ಯಾಡ್ರಿ."

ಅವಳು ನೋಡಲೂ ಇಲ್ಲ. ಮೇಜಿಗೆ ಬಂದು, ಮುರಿದ ಮನೆಗಳ ನಡುವೆ ಬಿದ್ದಿದ್ದ ಉಕ್ಕಿನ ಪಟ್ಟಿಯನ್ನು ಎತ್ತಿಕೊಂಡಳು. ಅದಕ್ಕೆ ಅಂಟಿದ್ದ ಹಸಿ ರಕ್ತವನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. ಕಾಡಪ್ಪ ತಡೆಯಲಿಲ್ಲ. ಅಳಲೆಂದು ಬಿಟ್ಟ.

ಅವಳು ಅಳಲಿಲ್ಲ.

"ಇದು ಅವರದಲ್ಲ," ಎಂದಳು.

ಕಾಡಪ್ಪ ಸಮಾಧಾನವಾಗಿ ಹೇಳಿದ. ಇಷ್ಟು ವರ್ಷದ ಮೇಲೆ ಗುರುತು ಹಿಡಿಯುವುದು ಕಷ್ಟ, ಬಲಗಾಲು, ಕೋಟು, ಕುಂಟು, ಎಲ್ಲವೂ ತಾಳೆಯಾಗಿದೆ ಎಂದ. ಅವಳು ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋಗಿ, ಒಂದು ತಾಮ್ರದ ಭರಣಿ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಉಕ್ಕಿನ ಪಟ್ಟಿಯೊಂದು, ಒಂದು ಹಿಡಿ ತಿರುಪುಗಳು ಸದ್ದು ಮಾಡುತ್ತ ಹೊರಗೆ ಬಿದ್ದವು. ಮಣ್ಣಿನಲ್ಲಿ ಸಿಕ್ಕದ್ದಕ್ಕಿಂತ ಈ ಪಟ್ಟಿ ಗಿಡ್ಡ, ಅಗಲ.

"ಇದು ಅವರದು. ಕೀವು ಆಗಿತ್ತು. ಹೋಗೂ ಮುಂಚಿನ ಬ್ಯಾಸಿಗ್ಯಾಗ ಮಿರಜಿಗೆ ಹೋಗಿ ತಗಿಸ್ಕೊಂಡು ಬಂದ್ವಿ. ಬಾಪೂ ಭಾವುಜಿ ಆವಾಗ ಮುಂಬೈದಾಗ ಇದ್ರು. ಅವರಿಗೆ ತಿಳೀದು."

ಕಾಡಪ್ಪ ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ. ನಾಗೂಬಾಯಿ ಮುಖ ಕಂಡಿರಲಿಲ್ಲ. ಬಾಪೂಸಾಹೇಬರೂ ಕಂಡಿರಲಿಲ್ಲ. ಆ ಸಂಜೆ ಆಬಾಸಾಹೇಬರ ಕೋಟು ತೊಟ್ಟು ಹೋದ ಕುಂಟ ಬೇರೆ ಯಾರೋ. ಸತ್ತವನ ಮುಖ ನೋಡಿ ಮಣ್ಣು ಮುಚ್ಚಿದವನು ಕೃಷ್ಣಾತ ಒಬ್ಬನೇ. ಅಂದಮೇಲೆ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ತಪ್ಪು ಮನುಷ್ಯನನ್ನು ಹೊಡೆದ ಧಣಿಗೆ ಹೌದು, ನಿಮ್ಮ ಅಣ್ಣನೇ ಸತ್ತದ್ದು ಎಂದು ಹೇಳಿ ಇಷ್ಟು ವರ್ಷ ಅವನ ಜೀಪು ಓಡಿಸಿದ್ದ. ಸಳಿಯ ಮೇಲೆ ನೇತುಬಿದ್ದಾಗಲೂ ಅವನು ನಕ್ಕದ್ದು ಅದಕ್ಕೇ.

ಬಾಪೂಸಾಹೇಬರು ಮುಖದ ಮೇಲಿನ ಕೈ ತೆಗೆದರು. ಅವರ ಮುಖದಲ್ಲಿ ನಿರಾಳವೂ ಇತ್ತು, ಭಯವೂ ಇತ್ತು. ಯಾವುದು ಹೆಚ್ಚು ಎಂದು ಹೇಳಲು ಬರುತ್ತಿರಲಿಲ್ಲ.

"ಹಂಗಾರ ನಾ ಹೊಡದದ್ದು ಯಾರಿಗೆ, ಸಾಹೇಬ?" ಎಂದು ಕೇಳಿದರು.

ಕಾಡಪ್ಪ ಕಾಂಚನಳ ಕಡೆ ತಿರುಗಿದ. ಅವಳ ನಿಲುವಿನಲ್ಲಿ ಅವನನ್ನು ಇರಿಯುತ್ತಿದ್ದದ್ದು ಒಂದೇ. ಗಂಡ ಕೊಲೆಯಾದ ಎಂದು ಕೇಳಿದಾಗ ಅವಳು ಬೆಚ್ಚಲಿಲ್ಲ. ಕೊಲೆಯಾದವನು ಗಂಡನಲ್ಲ ಎಂದು ತಾನೇ ಹೇಳುವಾಗಲೂ ಅವಳಿಗೆ ಸಂತೋಷವಾಗಲಿಲ್ಲ.

"ಅಕ್ಕಾರ, ಒಂದು ಮಾತು ಖರೇ ಹೇಳ್ರಿ. ನಿಮ್ಮ ಯಜಮಾನ್ರನ್ನ ನೀವು ಕಡೀಕ ನೋಡಿದ್ದು ಯಾವಾಗ?"

ಕಾಂಚನ ತಿರುಪುಗಳನ್ನು ಒಂದೊಂದಾಗಿ ಹೆಕ್ಕಿ ಭರಣಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮೊನ್ನಿ," ಎಂದಳು. "ತಮ್ಮಣ್ಣ ಸತ್ತ ದಿನ. ಹಿತ್ತಲ ಬಾಗಲದಿಂದ ಬಂದ್ರು. ಮೊಣಕೈತನಾ ರಕ್ತ ಇತ್ತು. ತೊಳಕೊಳ್ಳಾಕ ನೀರು ಹಾಕಿದಾಕಿ ನಾನ."